ಹಳೆಯ ಬ್ಯಾನ್‌ಷೀಗೆ ಕಡಿಮೆ ಖರ್ಚಿನಲ್ಲಿ ಬಲ: ಪೈಪಿಗಿಂತ ಮೊದಲು ಏನು?

ಅಮೆರಿಕದ ಫೀನಿಕ್ಸ್‌ನಲ್ಲಿರುವ ಅಕ್ಕನ ಮಗ ಈ ವರ್ಷ ಯಮಹಾ ಬ್ಯಾನ್‌ಷೀ ಎಂಬ ಹಳೆಯ ನಾಲ್ಕು ಚಕ್ರದ ಎಟಿವಿ ಒಂದನ್ನು ಕೊಂಡ. ಚಳಿಗಾಲ ಬಂತೆಂದರೆ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಿಗೆ ಹೊರಡುವ ಗೆಳೆಯರ ಗುಂಪು ಅವನದು. ಅಲ್ಲಿಗೆ ಬರುವವರಲ್ಲಿ ಗಾಡಿಯನ್ನು ಕಾರ್ಖಾನೆಯಿಂದ ಬಂದ ಹಾಗೆಯೇ ಇಟ್ಟುಕೊಂಡವರು ಕಡಿಮೆ. ಗಾಡಿ ಮನೆಗೆ ಬಂದ ರಾತ್ರಿಯೇ ಫೋನ್ ಮಾಡಿದ: “ಮಾಮ, ಕೈಯಲ್ಲಿ ಐನೂರು ಡಾಲರ್ ಉಳಿದಿದೆ. ಹೊಗೆ ಹೋಗಲು ಯಾವ ಪೈಪ್ ಹಾಕಿಸಲಿ?”

ಒಂದು ಹೆಸರು ಹೇಳಿ ಫೋನ್ ಇಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ದಾರಿ, ಪೆಟ್ರೋಲ್ ಬೆರೆಯುವ ದಾರಿ, ಹೊಗೆ ಹೊರಗೆ ಹೋಗುವ ದಾರಿ ಮೂರೂ ಒಂದೇ ಹಗ್ಗದ ಎಳೆಗಳು. ಒಂದನ್ನು ಎಳೆದರೆ ಉಳಿದೆರಡೂ ಜಗ್ಗುತ್ತವೆ. ಇದು ತಿಳಿಯದೆ ಪೈಪ್ ಮಾತ್ರ ಬದಲಾಯಿಸಿ, ಒಂದೆರಡು ಸವಾರಿಯಲ್ಲೇ ಪಿಸ್ಟನ್ ಸೀಜ್ ಮಾಡಿಕೊಂಡ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತ, ಗಾಡಿಗಳನ್ನು ನಾನು ನೋಡಿದ್ದೇನೆ. ಅವನಿಗೆ ಹಲವು ರಾತ್ರಿ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾಜ್‌ದೂತ್ 350ರ ನೆಂಟ

ಎಟಿವಿ ಎಂದರೆ ನಾಲ್ಕು ದಪ್ಪ ಚಕ್ರಗಳ, ಬೈಕಿನಂತೆ ಎರಡೂ ಕಡೆ ಕಾಲು ಹಾಕಿ ಕೂರುವ ಗಾಡಿ. ಹ್ಯಾಂಡಲ್ ಇದೆ, ಸ್ಟಿಯರಿಂಗ್ ಚಕ್ರ ಇಲ್ಲ. ಆಕ್ಸಿಲರೇಟರನ್ನು ತಿರುಚುವುದಿಲ್ಲ, ಹೆಬ್ಬೆರಳಿನಿಂದ ಒತ್ತುತ್ತಾರೆ. ತೋಟದ ಕೆಲಸಕ್ಕೆ, ಸಾಮಾನು ಹೇರಲು ಬಳಸುವವು ಒಂದು ಬಗೆ. ಓಟಕ್ಕೆಂದೇ ಮಾಡಿದ ಹಗುರವಾದ ಸ್ಪೋರ್ಟ್ ಗಾಡಿಗಳು ಇನ್ನೊಂದು ಬಗೆ. ಬ್ಯಾನ್‌ಷೀ ಎರಡನೆಯ ಗುಂಪಿನದು. 1987ರಲ್ಲಿ ಮಾರುಕಟ್ಟೆಗೆ ಬಂದ ಅದು ಅಮೆರಿಕದಲ್ಲಿ 2006ರ ಮಾದರಿಯವರೆಗೂ ಮಾರಾಟವಾಯಿತು. ಎರಡು ಸಿಲಿಂಡರು, 347 ಸಿಸಿ, ನೀರಿನಿಂದ ತಂಪಾಗುವ ಎಂಜಿನ್, ಆರು ಗೇರು. ಸೆಲ್ಫ್ ಸ್ಟಾರ್ಟ್ ಇಲ್ಲ, ಕಿಕ್ ಹೊಡೆಯಲೇಬೇಕು.

ಕನ್ನಡದ ಓದುಗರಿಗೆ ಈ ಎಂಜಿನ್ ಪೂರ್ತಿ ಅಪರಿಚಿತವಲ್ಲ. ಎಂಬತ್ತರ ದಶಕದಲ್ಲಿ ಎಸ್ಕಾರ್ಟ್ಸ್ ಕಂಪನಿ ನಮ್ಮಲ್ಲಿ ಮಾರಿದ ರಾಜ್‌ದೂತ್ 350 ಯಮಹಾದ ಆರ್‌ಡಿ 350ರ ಭಾರತೀಯ ರೂಪ. ಅದರ ಸಿಲಿಂಡರಿನ ಅಗಲ 64 ಮಿ.ಮೀ., ಪಿಸ್ಟನ್ ಓಡಾಡುವ ದೂರ 54 ಮಿ.ಮೀ. ಬ್ಯಾನ್‌ಷೀಯ ಅಳತೆಯೂ ಅದೇ. ಗಾಳಿಯಿಂದ ತಂಪಾಗುತ್ತಿದ್ದ ಆರ್‌ಡಿಯನ್ನು ಯಮಹಾ ಮುಂದೆ ನೀರಿನಿಂದ ತಂಪಾಗುವಂತೆ ಬದಲಾಯಿಸಿತು. ಆ ವಂಶದ ಎಂಜಿನ್ನೇ ನಾಲ್ಕು ಚಕ್ರದ ಮೇಲೆ ಕೂತಿತು. ನಮ್ಮೂರ ಹಳೆಯ ಮೆಕ್ಯಾನಿಕ್ ಒಬ್ಬರು ಗ್ಲಾಮಿಸ್‌ನಲ್ಲಿ ಬ್ಯಾನ್‌ಷೀಯ ಸದ್ದು ಕೇಳಿದರೆ, ತಲೆ ಎತ್ತಿ ನೋಡುವ ಮೊದಲೇ ಅದರ ಕುಲ ಹೇಳಿಬಿಡುತ್ತಾರೆ.

ತಿದಿ ಮತ್ತು ಕುಲುಮೆ ಒಂದೇ ಡಬ್ಬಿಯಲ್ಲಿ

ಕಮ್ಮಾರನ ಕುಲುಮೆಯನ್ನು ನೆನೆಯಿರಿ. ತಿದಿ ಗಾಳಿ ಎಳೆದುಕೊಂಡು ಒತ್ತಿ ಕೊಡುತ್ತದೆ, ಬೆಂಕಿ ಕುಲುಮೆಯಲ್ಲಿ ಉರಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಎರಡೂ ಕೆಲಸವನ್ನು ಒಂದೇ ಪಿಸ್ಟನ್ ಮಾಡುತ್ತದೆ. ಪಿಸ್ಟನ್ನಿನ ಮೇಲೆ ಬೆಂಕಿ, ಕೆಳಗೆ ತಿದಿ.

ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಕಾರ್ಬೊರೇಟರಿನಿಂದ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಮೇಲೆ ಹಿಂದಿನ ಸುತ್ತಿನ ಮಿಶ್ರಣ ಒತ್ತಿಹೋಗಿ ಕಿಡಿಗೆ ಕಾಯುತ್ತಿರುತ್ತದೆ. ಕಿಡಿ ಹತ್ತಿ ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆಯ ದ್ವಾರ ತೆರೆದುಕೊಳ್ಳುತ್ತದೆ. ಕ್ಷಣದ ನಂತರ ಪಕ್ಕದ ದ್ವಾರಗಳು ತೆರೆದು, ಕೆಳಗೆ ಒತ್ತಿಹೋದ ಹೊಸ ಮಿಶ್ರಣ ಮೇಲಕ್ಕೆ ನುಗ್ಗುತ್ತದೆ. ಫೋರ್ ಸ್ಟ್ರೋಕಿನಲ್ಲಿರುವಂತೆ ತಲೆಯ ಮೇಲೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಈ ಕಿಂಡಿಗಳನ್ನೇ ಪೋರ್ಟ್ ಎನ್ನುತ್ತಾರೆ. ಅವನ್ನು ತೆರೆದು ಮುಚ್ಚುವ ಬಾಗಿಲು ಪಿಸ್ಟನ್ನೇ.

ಕ್ರ್ಯಾಂಕ್‌ಕೇಸ್ ತಿದಿಯ ಕೆಲಸ ಮಾಡುವುದರಿಂದ ಅದರ ತಳದಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಬ್ಯಾನ್‌ಷೀಗೆ ಬೇರೆ ಆಯಿಲ್ ಪಂಪ್ ಕೂಡ ಇಲ್ಲ. ನಮ್ಮ ಬಂಕುಗಳಲ್ಲಿ ಒಂದು ಕಾಲಕ್ಕೆ ಟೂ-ಟಿ ಆಯಿಲ್ ಬೆರೆಸಿ ಕೊಡುತ್ತಿದ್ದರಲ್ಲ, ಹಾಗೆ ಟ್ಯಾಂಕಿನ ಪೆಟ್ರೋಲಿಗೇ ಬೆರೆಸಬೇಕು. 32ಕ್ಕೆ 1ರ ಅಳತೆಯಲ್ಲಿ ಲೀಟರಿಗೆ ಸುಮಾರು 31 ಮಿ.ಲೀ. ಅಮೆರಿಕದ ಒಂದು ಗ್ಯಾಲನ್ನಿಗಾದರೆ 118 ಮಿ.ಲೀ. ಪೆಟ್ರೋಲ್ ಇಲ್ಲಿ ಉರಿಯುವುದಷ್ಟೇ ಅಲ್ಲ, ಪಿಸ್ಟನ್ನನ್ನು ತಂಪು ಮಾಡುತ್ತದೆ, ಬೇರಿಂಗುಗಳಿಗೆ ಎಣ್ಣೆ ಹೊತ್ತು ತರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಬಲವೊಂದೇ ಅಲ್ಲ, ಎಣ್ಣೆಯೂ ತಂಪೂ ಒಟ್ಟಿಗೇ ಕಡಿಮೆಯಾಗುತ್ತವೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳ ಬೇರು ಇಲ್ಲಿದೆ.

ಮೊದಲ ಖರ್ಚು: ಸೋರಿಕೆಯ ಪರೀಕ್ಷೆ

ಇಪ್ಪತ್ತು ವರ್ಷ ಹಳೆಯ ಗಾಡಿಗೆ ಬಲ ಕೂಡಿಸುವ ಮೊದಲು ಅದರ ಆರೋಗ್ಯ ನೋಡಬೇಕು. ಇದರಿಂದ ಅಶ್ವಶಕ್ತಿ ಹೆಚ್ಚುವುದಿಲ್ಲ, ಗೆಳೆಯರಿಗೆ ತೋರಿಸಲು ಹೊಳೆಯುವ ಭಾಗವೂ ಸಿಗುವುದಿಲ್ಲ. ಆದರೂ ನನ್ನನ್ನು ಕೇಳಿದರೆ ಐನೂರು ಡಾಲರಿನಲ್ಲಿ ಅತ್ಯಂತ ಬೆಲೆಬಾಳುವ ಖರ್ಚು ಇದೇ.

ಪ್ಲಗ್ ಬಿಚ್ಚಿ, ಆ ಜಾಗಕ್ಕೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಮುಳ್ಳು ನಿಲ್ಲುವವರೆಗೂ ಕಿಕ್ ಹೊಡೆಯಬೇಕು. ಎರಡೂ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಶೇಕಡಾ ಹತ್ತಕ್ಕಿಂತ ಹೆಚ್ಚು ಅಂತರ ಬಂದರೆ ಒಂದರ ಪಿಸ್ಟನ್ ರಿಂಗ್ ಅಥವಾ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದೆ ಎಂದು ಅನುಮಾನಿಸಬೇಕು. ಅಂಥ ಗಾಡಿಗೆ ಪೈಪ್ ಕೊಳ್ಳುವುದಕ್ಕಿಂತ ಒಳಗೋಡೆಯನ್ನು ತುಸು ಕೊರೆಸಿ, ಅಂದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸುವುದೇ ಸರಿ. ಸಿಲಿಂಡರಿನ ಒಳಗೋಡೆ ಬೀಡುಕಬ್ಬಿಣದ್ದಾದ್ದರಿಂದ ಬೋರ್ ಮಾಡಿಸಬಹುದು.

ಎರಡನೆಯದು ಗಾಳಿ ಸೋರಿಕೆ. ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲಿಯಾದರೂ ಸಣ್ಣ ಬಿರುಕಿದ್ದರೆ ಎಂಜಿನ್ ಅಲ್ಲಿಂದಲೂ ಗಾಳಿ ಎಳೆದುಕೊಳ್ಳುತ್ತದೆ. ಕಳ್ಳದಾರಿಯಿಂದ ಬಂದ ಆ ಗಾಳಿಗೆ ಪೆಟ್ರೋಲ್ ಬೆರೆತಿರುವುದಿಲ್ಲ. ಕಾರ್ಬೊರೇಟರನ್ನು ಎಷ್ಟೇ ಚೆನ್ನಾಗಿ ಹೊಂದಿಸಿದ್ದರೂ ಲೆಕ್ಕ ತಪ್ಪುತ್ತದೆ. ಪರೀಕ್ಷೆ ಸರಳ: ಗಾಳಿ ಬರುವ ಬಾಯಿಗಳನ್ನೂ ಹೊಗೆ ಹೋಗುವ ಬಾಯಿಗಳನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ, ಒಂದು ಬಿರಡೆಯ ತೂತಿನಿಂದ ಕೈಪಂಪಿನಲ್ಲಿ 6 ಪಿಎಸ್‌ಐ ಒತ್ತಡ ತುಂಬಿ ಆರು ನಿಮಿಷ ಕಾಯಬೇಕು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಕಾರಿನ ಟೈರಿಗೆ ತುಂಬುವಂತೆ ಹೆಚ್ಚು ಒತ್ತಡ ತುಂಬಿದರೆ ಕ್ರ್ಯಾಂಕಿನ ಸೀಲುಗಳೇ ಹೊರಬರಬಹುದು, ಎಚ್ಚರ.

ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದನ್ನು ನಾವೆಲ್ಲ ನೋಡಿದವರೇ. ಇಲ್ಲಿ ಎಂಜಿನ್ನನ್ನು ಅದ್ದಲಾಗದು, ಸೋಪಿನ ನೀರನ್ನು ಬ್ರಷ್ಷಿನಿಂದ ಹಚ್ಚಬೇಕು. ಅಕ್ಕನ ಮಗ ವಿಡಿಯೊ ಕರೆಯಲ್ಲಿ ಮೊಬೈಲನ್ನು ಎಂಜಿನ್ನಿನ ಪಕ್ಕ ಹಿಡಿದು ತೋರಿಸಿದ. ಎರಡು ಸಿಲಿಂಡರುಗಳ ಗಾಳಿಯ ದಾರಿಯನ್ನು ಒಂದಕ್ಕೊಂದು ಜೋಡಿಸುವ ಬೆರಳುಗಾತ್ರದ ರಬ್ಬರ್ ಕೊಳವೆ ಬ್ಯಾನ್‌ಷೀಯಲ್ಲಿದೆ. ಅದರ ಕೆಳಮಗ್ಗುಲಲ್ಲಿ, ಬಗ್ಗಿ ನೋಡಿದರೂ ಕಾಣದ ಜಾಗದಲ್ಲಿ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ವಯಸ್ಸಾದ ರಬ್ಬರ್ ಕೂದಲೆಳೆಯಷ್ಟು ಬಿರಿದಿತ್ತು. ಹಾಗೆಯೇ ಪೈಪ್ ಹಾಕಿ ಮರಳಿಗೆ ಇಳಿದಿದ್ದರೆ ಏನಾಗುತ್ತಿತ್ತು ಎಂಬುದು ಆ ಗುಳ್ಳೆ ನೋಡಿದ ಮೇಲೆ ಅವನಿಗೆ ಬೇರೆ ಹೇಳಬೇಕಾಗಲಿಲ್ಲ.

ಗಾಳಿ ಹೆಚ್ಚಿಸಿದರೆ ಜೆಟ್ ಬದಲಿಸಲೇಬೇಕು

ಕಾರ್ಖಾನೆಯ ಏರ್ ಫಿಲ್ಟರ್ ಡಬ್ಬಿಯ ಮುಚ್ಚಳದಲ್ಲಿ ಗಾಳಿ ಬರಲು ಇರುವ ಕಿಂಡಿ ಚಿಕ್ಕದು. ಸದ್ದು ಅಡಗಿಸಲು, ನೀರು ಮಣ್ಣು ತಡೆಯಲು ಹಾಗೆ ಮಾಡಿರುತ್ತಾರೆ. ಮುಚ್ಚಳ ತೆಗೆದರೆ ಒಂದು ಪೈಸೆ ಖರ್ಚಿಲ್ಲದೆ ಎಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಆದರೆ ಆ ಗಾಳಿಗೆ ತಕ್ಕ ಪೆಟ್ರೋಲ್ ಯಾರು ಕೊಡಬೇಕು?

ಕಾರ್ಬೊರೇಟರಿನೊಳಗೆ ಜೆಟ್ ಎಂಬ ಸಣ್ಣ ಹಿತ್ತಾಳೆ ತುಂಡಿದೆ. ಉಗುರಿನಷ್ಟು ಗಾತ್ರ, ನಡುವೆ ಸೂಜಿ ತೂರುವಷ್ಟು ತೂತು, ಮೈಮೇಲೆ ಒಂದು ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ತೂತು ದೊಡ್ಡದು, ಹರಿಯುವ ಪೆಟ್ರೋಲ್ ಹೆಚ್ಚು. ಬ್ಯಾನ್‌ಷೀಗೆ 26 ಮಿ.ಮೀ.ನ ಎರಡು ಮಿಕುನಿ ಕಾರ್ಬೊರೇಟರುಗಳು. ಜೆಟ್ ಒಂದಕ್ಕೆ ಕೆಲವೇ ಡಾಲರ್, ಆದ್ದರಿಂದ ಬೇರೆ ಬೇರೆ ಸಂಖ್ಯೆಯ ನಾಲ್ಕೈದು ಜೋಡಿ ಕೈಯಲ್ಲಿಟ್ಟುಕೊಳ್ಳುವುದು ಜಾಣತನ.

ಎಲ್ಲ ವೇಗದಲ್ಲೂ ಒಂದೇ ಜೆಟ್ ಕೆಲಸ ಮಾಡುವುದಿಲ್ಲ. ಆಕ್ಸಿಲರೇಟರ್ ಮುಟ್ಟದೆ ಇದ್ದಾಗಿನಿಂದ ಕಾಲು ಭಾಗ ಒತ್ತುವವರೆಗೆ ಪೈಲಟ್ ಜೆಟ್ಟಿನ ಆಳ್ವಿಕೆ. ಅಲ್ಲಿಂದ ಮುಕ್ಕಾಲು ಭಾಗದವರೆಗೆ ಸೂಜಿಯದು. ಸೂಜಿಯ ಮೇಲ್ತುದಿಯಲ್ಲಿ ಕೆಲವು ಗೀರುಗಳಿದ್ದು, ಕ್ಲಿಪ್ಪನ್ನು ಕೆಳಗಿನ ಗೀರಿಗೆ ಸರಿಸಿದರೆ ಸೂಜಿ ಮೇಲೇರುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್. ಮರಳಿನಲ್ಲಿ ಪೂರ್ತಿ ಒತ್ತಿ ಓಡಿಸುವುದೇ ಹೆಚ್ಚು, ಹಾಗಾಗಿ ಎಂಜಿನ್ನಿನ ಪ್ರಾಣ ಮೇನ್ ಜೆಟ್ಟಿನ ಕೈಯಲ್ಲಿದೆ.

ಪೆಟ್ರೋಲ್ ಸಾಲದ ಮಿಶ್ರಣವನ್ನು ಲೀನ್ ಎನ್ನುತ್ತಾರೆ, ಹೆಚ್ಚಾದುದನ್ನು ರಿಚ್ ಎನ್ನುತ್ತಾರೆ. ರಿಚ್ ಆದರೆ ಗಾಡಿ ಗೊಣಗುತ್ತದೆ, ಹೊಗೆ ಬಿಡುತ್ತದೆ, ಪ್ಲಗ್ ಕಪ್ಪಾಗುತ್ತದೆ, ಕೆಡುವುದಿಲ್ಲ. ಲೀನ್ ಆದರೆ ಮೊದಮೊದಲು ಚುರುಕಾಗಿಯೇ ಓಡುತ್ತದೆ, ಆಮೇಲೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೀಗಾಗಿ ದೊಡ್ಡ ಜೆಟ್ಟಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯಬೇಕು, ಚಿಕ್ಕದರಿಂದ ಮೇಲಕ್ಕೆ ಹೋಗಬಾರದು.

ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಹೊಸ ಪ್ಲಗ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಮೇಲಿನ ಗೇರಿನಲ್ಲಿ ಪೂರ್ತಿ ಒತ್ತಿ ಕೆಲವು ಸೆಕೆಂಡು ಓಡಿಸಿ, ಕ್ಲಚ್ ಹಿಡಿದ ಕ್ಷಣದಲ್ಲೇ ಎಂಜಿನ್ ಆರಿಸುವ ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಬಿಳಿ ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ ಕಂಡರೆ ಸರಿ. ಬೆಳ್ಳಗೇ ಉಳಿದಿದ್ದರೆ ಲೀನ್, ಒದ್ದೆ ಕಪ್ಪಾಗಿದ್ದರೆ ರಿಚ್. ನಿಧಾನವಾಗಿ ವೇಗ ಇಳಿಸಿ ನಿಲ್ಲಿಸಿದರೆ ಪ್ಲಗ್ ಬೇರೆಯೇ ಕತೆ ಹೇಳುತ್ತದೆ.

ಇಲ್ಲಿ ಹಲವರು ಎಡವುವ ಎರಡು ಸಂಗತಿಗಳಿವೆ. ತಣ್ಣನೆಯ ಗಾಳಿ ದಟ್ಟ, ಅದಕ್ಕೆ ಹೆಚ್ಚು ಪೆಟ್ರೋಲ್ ಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಸರಿಯಾಗಿದ್ದ ಜೆಟ್ ಮರುದಿನ ಮುಂಜಾನೆಯ ಮರುಭೂಮಿ ಚಳಿಯಲ್ಲಿ ಲೀನ್ ಆಗುತ್ತದೆ. ಎತ್ತರದ ಊರಿನಲ್ಲಿ ಗಾಳಿ ತೆಳು, ಕಡಿಮೆ ಪೆಟ್ರೋಲ್ ಸಾಕು. ಬೆಟ್ಟದ ಮೇಲೆ ಹೊಂದಿಸಿದ ಗಾಡಿಯನ್ನು ಸಮುದ್ರಮಟ್ಟಕ್ಕೆ ಹತ್ತಿರವಿರುವ ಗ್ಲಾಮಿಸ್‌ಗೆ ಇಳಿಸಿದರೆ ಅಪಾಯ. ಎರಡನೆಯದು, ಭಯದಿಂದ ಆಯಿಲ್ ಹೆಚ್ಚು ಸುರಿಯುವುದು. ಜೆಟ್ಟಿನ ತೂತು ಅಷ್ಟೇ ಇರುವುದರಿಂದ ಆಯಿಲ್ ಹೆಚ್ಚಿದಷ್ಟೂ ಆ ತೂತಿನಿಂದ ಹೋಗುವ ಪೆಟ್ರೋಲ್ ಕಡಿಮೆ. ಮಿಶ್ರಣ ಲೀನ್ ಕಡೆಗೇ ವಾಲುತ್ತದೆ. ಆಯಿಲಿನ ಅಳತೆಯನ್ನು ಒಮ್ಮೆ ಹಿಡಿದರೆ ಬದಲಿಸದೆ, ಜೆಟ್ಟನ್ನು ಅದಕ್ಕೆ ಹೊಂದಿಸಬೇಕು.

ರೀಡ್: ತಿದಿಯ ಒಳಗಿನ ಚರ್ಮದ ಪಟ್ಟಿ

ತಿದಿಯ ತೂತಿನ ಮೇಲೆ ಒಂದು ಚರ್ಮದ ಪಟ್ಟಿ ಇರುತ್ತದೆ. ಗಾಳಿಯನ್ನು ಒಳಗೆ ಬಿಡುತ್ತದೆ, ವಾಪಸ್ ಹೋಗಗೊಡದು. ರೀಡ್ ವಾಲ್ವ್ ಅದೇ. ಕಾರ್ಬೊರೇಟರ್ ಮತ್ತು ಕ್ರ್ಯಾಂಕ್‌ಕೇಸ್ ನಡುವೆ ಕೂತು ನಿಮಿಷಕ್ಕೆ ಸಾವಿರಾರು ಬಾರಿ ಬಾಗಿ ನೆಟ್ಟಗಾಗುತ್ತದೆ. ಕಾರ್ಖಾನೆಯ ರೀಡುಗಳು ತೆಳು ಉಕ್ಕಿನವು. ಫೈಬರ್ ಪಟ್ಟಿಗಳು ಹಗುರ, ಬೇಗ ತೆರೆದು ಬೇಗ ಮುಚ್ಚುತ್ತವೆ. ಕಡಿಮೆ ವೇಗದಲ್ಲಿ ಗಾಡಿ ಚುರುಕಾಗುತ್ತದೆ. ಮುರಿದರೂ ಅವುಗಳ ಚೂರು ಉಕ್ಕಿನಷ್ಟು ಹಾನಿ ಮಾಡುವುದಿಲ್ಲ. ಹಳೆಯ ರೀಡಿನ ತುದಿ ಬಿರಿದಿದ್ದರೆ ಅಥವಾ ಬೆಳಕಿಗೆ ಹಿಡಿದಾಗ ಸಂದು ಕಂಡರೆ ಬದಲಿಸುವುದು ಹೇಗೂ ಅನಿವಾರ್ಯ.

ಕಿಡಿ ನಾಲ್ಕು ಡಿಗ್ರಿ ಮುಂಚೆ

ಎಂಟು ಗಂಟೆಗೆ ಸ್ನಾನವಾಗಬೇಕಾದರೆ ಹಂಡೆಯ ಒಲೆಗೆ ಏಳಕ್ಕೇ ಬೆಂಕಿ ಹಾಕಬೇಕು. ಎಂಜಿನ್ನಿನಲ್ಲೂ ಹಾಗೆಯೇ. ಮಿಶ್ರಣ ಉರಿದು ಒತ್ತಡ ಏರಲು ಹೊತ್ತು ಬೇಕಾದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರುತ್ತದೆ. ಬ್ಯಾನ್‌ಷೀಯಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸುವ ಸ್ಟೇಟರ್ ತಟ್ಟೆಯನ್ನು ಸ್ವಲ್ಪ ತಿರುಗಿಸಿ ಕಿಡಿಯನ್ನು ಇನ್ನೂ ನಾಲ್ಕು ಡಿಗ್ರಿ ಮುಂಚಿತವಾಗಿಸುವುದು ಓಟಗಾರರ ಹಳೆಯ ರೂಢಿ. ತಟ್ಟೆಯ ಸ್ಕ್ರೂ ತೂತುಗಳನ್ನು ಅರದಿಂದ ಉದ್ದ ಮಾಡಿಕೊಂಡರೆ ಖರ್ಚೇ ಇಲ್ಲ. ಅಳತೆ ಗುರುತಿರುವ ತಟ್ಟೆಯನ್ನೇ ಕೊಂಡರೆ ಹತ್ತಾರು ಡಾಲರ್. ಕೆಳ ಮತ್ತು ನಡು ವೇಗದಲ್ಲಿ ಎಳೆತ ಹೆಚ್ಚುತ್ತದೆ, ಜೊತೆಗೆ ಶಾಖವೂ. ಸಾಮಾನ್ಯ ಪೆಟ್ರೋಲ್ ಬಿಟ್ಟು ಪ್ರೀಮಿಯಂ ಹಾಕುವವರು ಮಾತ್ರ ಇದಕ್ಕೆ ಕೈ ಹಾಕಬೇಕು.

ಕೊನೆಗೂ ಪೈಪ್

ಟೂ ಸ್ಟ್ರೋಕಿನ ಒಂದು ಹುಟ್ಟುದೋಷ: ಹೊಗೆಯ ದ್ವಾರ ಮೊದಲು ತೆರೆದು ಕೊನೆಗೆ ಮುಚ್ಚುತ್ತದೆ. ಒಳಗೆ ಬಂದ ಹೊಸ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊರಗೆ ಹೋಗಿಬಿಡುತ್ತದೆ. ನೂಕುನುಗ್ಗಲಿನ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಿದವರು ತಳ್ಳಾಟದಲ್ಲಿ ಮುಂದಿನ ಬಾಗಿಲಿನಿಂದ ಇಳಿದುಹೋದಂತೆ. ಅವರನ್ನು ಒಳಗೆ ತಳ್ಳಿ ಬಾಗಿಲು ಮುಚ್ಚುವ ಕಂಡಕ್ಟರ್ ಬೇಕು. ಆ ಕಂಡಕ್ಟರೇ ಎಕ್ಸ್‌ಪಾನ್ಷನ್ ಚೇಂಬರ್, ಹೊಟ್ಟೆ ಉಬ್ಬಿದ ಆ ಪೈಪು.

ಹೊಗೆ ಸಿಡಿದು ಹೊರಬಂದಾಗ ಒತ್ತಡದ ಅಲೆಯೊಂದು ಪೈಪಿನುದ್ದಕ್ಕೂ ಓಡುತ್ತದೆ. ಪೈಪ್ ಅಗಲವಾಗುತ್ತ ಹೋಗುವ ಭಾಗದಿಂದ ಅದು ಎಳೆಯುವ ಅಲೆಯಾಗಿ ಮರಳಿ, ಉಳಿದ ಹೊಗೆಯನ್ನು ಹೀರಿ ಹೊಸ ಮಿಶ್ರಣ ಒಳಬರಲು ನೆರವಾಗುತ್ತದೆ. ಮುಂದೆ ಪೈಪ್ ಕಿರಿದಾಗುವ ಭಾಗಕ್ಕೆ ಬಡಿದಾಗ ತಳ್ಳುವ ಅಲೆಯಾಗಿ ಹಿಂದಿರುಗಿ, ಹೊರಗೆ ಜಾರಿದ ಮಿಶ್ರಣವನ್ನು ದ್ವಾರ ಮುಚ್ಚುವ ಮೊದಲು ಒಳಕ್ಕೆ ನೂಕುತ್ತದೆ. ಗೋಳಗುಮ್ಮಟದಲ್ಲಿ ಕೂಗಿದ ದನಿ ಗೋಡೆ ಮುಟ್ಟಿ ಹಿಂದಿರುಗುವ ಹಾಗೆಯೇ ಇದು, ಆದರೆ ಇಲ್ಲಿ ಹೊತ್ತು ಅತಿ ಕಡಿಮೆ. ನಿಮಿಷಕ್ಕೆ 9000 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವುದು ಸೆಕೆಂಡಿನ 150ರಲ್ಲಿ ಒಂದು ಭಾಗ. ದ್ವಾರ ತೆರೆದಿರುವುದು ಅದರ ಸುಮಾರು ಅರ್ಧ ಕಾಲ. ಅಷ್ಟರಲ್ಲಿ ಅಲೆ ಹೋಗಿ ಬರಬೇಕು.

ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ವಿದ್ಯೆಯನ್ನು ಪಳಗಿಸಿದರು. ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯದ ಹೊತ್ತಿಗೆ ದೇಶ ತೊರೆದು ಆ ತಿಳಿವಳಿಕೆಯೊಂದಿಗೆ ಜಪಾನಿನ ಸುಜುಕಿ ಸೇರಿದರು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟರು.

ಅಲೆ ಸರಿಯಾದ ಕ್ಷಣಕ್ಕೆ ಮರಳುವುದು ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ಮಾತ್ರ. ಉದ್ದ ಪೈಪ್ ನಡು ವೇಗಕ್ಕೆ, ಗಿಡ್ಡ ಪೈಪ್ ಮೇಲಿನ ವೇಗಕ್ಕೆ ಹೊಂದುತ್ತದೆ. ಹಾಗಾಗಿ “ಯಾವ ಪೈಪ್” ಎನ್ನುವ ಮೊದಲು “ಎಲ್ಲಿ ಓಡಿಸುತ್ತೀಯ” ಎಂದು ಕೇಳಬೇಕು. ದಿಬ್ಬ ಹತ್ತಿ ಇಳಿದು ತಿರುಗುವವನಿಗೆ ನಡು ವೇಗದ ಪೈಪೇ ವಾಸಿ. ಹೊಸ ಜೋಡಿಗೆ ನೂರಾರು ಡಾಲರ್ ಬೇಕು, ಬಳಸಿದ್ದು ಅಗ್ಗ. ಆದರೆ ಹೊಟ್ಟೆ ಜಜ್ಜಿಹೋದದ್ದು ಬೇಡ, ಅಲೆಯ ಲೆಕ್ಕ ಕೆಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1986ರ ನಂತರದ ಇಂಥ ಗಾಡಿಗಳ ಸದ್ದು 96 ಡೆಸಿಬಲ್ ಮೀರಬಾರದು, ಕಿಡಿ ತಡೆಯುವ ಜಾಲರಿಯೂ ಇರಬೇಕು. ಪೈಪ್ ಹಾಕಿದ ದಿನ ಜೆಟ್ಟಿನ ಕೆಲಸ ಮತ್ತೆ ಮೊದಲಿನಿಂದ.

ಹೆಡ್, ಟಾರ್ಸ್, ಪೋರ್ಟಿಂಗ್

ಸಿಲಿಂಡರ್ ಹೆಡ್ಡಿನ ಅಡಿಯನ್ನು ಲೇತ್ ಅಂಗಡಿಯಲ್ಲಿ ತುಸು ಸವರಿಸಿದರೆ ಜಾಗ ಕಿರಿದಾಗಿ ಮಿಶ್ರಣ ಹೆಚ್ಚು ಒತ್ತಿಹೋಗುತ್ತದೆ, ಬಲ ಬರುತ್ತದೆ. ಅತಿಯಾದರೆ ಮೂಲೆಯ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನಿನ ಅಂಚನ್ನು ಗೆದ್ದಲು ತಿಂದಂತೆ ಮಾಡುತ್ತದೆ. ಆಕ್ಟೇನ್ ಹೆಚ್ಚಿರುವ ಪೆಟ್ರೋಲ್ ಹೀಗೆ ಸಿಡಿಯುವುದನ್ನು ತಡೆಯುತ್ತದೆ. ಅಮೆರಿಕದ ಬಂಕಿನ 91 ಮತ್ತು ನಮ್ಮ 91 ಒಂದೇ ಅಲ್ಲ, ಅಳೆಯುವ ಕ್ರಮ ಬೇರೆ. ಅವರ 91 ನಮ್ಮ ಲೆಕ್ಕದಲ್ಲಿ ಸುಮಾರು 95–96.

ಟಾರ್ಸ್ ಎಂಬುದು ಕಾರ್ಬೊರೇಟರಿನ ತಲೆಯ ಮೇಲೆ ಕೂತಿರುವ ಕಾವಲುಗಾರ. ಹೆಬ್ಬೆರಳು ಬಿಟ್ಟರೂ ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಸಿಕ್ಕಿಕೊಂಡಿದ್ದರೆ ಕಿಡಿಗೆ ಕಡಿವಾಣ ಹಾಕಿ ಎಂಜಿನ್ ವೇಗ ಇಳಿಸುತ್ತದೆ. ಹಳೆಯದಾದಾಗ ತೇವ ಸೇರಿ ಸುಮ್ಮಸುಮ್ಮನೆ ತಡೆಯುವುದರಿಂದ ಹಲವರು ಕಿತ್ತುಹಾಕುತ್ತಾರೆ. ತೆಗೆಯುವವರು ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳುವ ಕಿಲ್ ಸ್ವಿಚ್ ಹಾಕದೆ ಒಂದು ಅಡಿಯೂ ಓಡಿಸಬಾರದು. ಇದರಲ್ಲಿ ನನಗೆ ರಾಜಿಯಿಲ್ಲ.

ಪೋರ್ಟಿಂಗ್, ಅಂದರೆ ಕಿಂಡಿಗಳನ್ನು ಅರೆದು ಹಿಗ್ಗಿಸುವುದನ್ನು ಅಗ್ಗದ ಪಟ್ಟಿಗೆ ನಾನು ಸೇರಿಸುವುದಿಲ್ಲ. ಅರೆದ ಲೋಹ ಮರಳಿ ಬಾರದು.

ಅಕ್ಕನ ಮಗ ರಬ್ಬರ್ ಕೊಳವೆ ಬದಲಿಸಿದ, ರೀಡ್ ಹಾಕಿದ, ಬಳಸಿದ ಪೈಪ್ ಜೋಡಿ ಹುಡುಕಿ ತಂದು ಜೆಟ್ ಹೊಂದಿಸಿದ. ಗ್ಲಾಮಿಸ್‌ನ ಮೊದಲ ಸಂಜೆ ಪ್ಲಗ್ಗಿನ ಚಿತ್ರ ಕಳಿಸಿದ. ಬುಡದಲ್ಲಿ ಕಂದು ಉಂಗುರ ಸ್ಪಷ್ಟವಾಗಿತ್ತು. ನಾಳೆ ಬೆಳಿಗ್ಗೆ ಎಷ್ಟು ಚಳಿ ಎಂದು ಕೇಳಿದೆ. ಆರು ಡಿಗ್ರಿ ಎಂದ. ಹಾಗಾದರೆ ಮಲಗುವ ಮೊದಲು ಮೇನ್ ಜೆಟ್ ಒಂದು ಸಂಖ್ಯೆ ದೊಡ್ಡದು ಹಾಕು ಎಂದೆ. ಟಾರ್ಚಿನ ಬೆಳಕಿನಲ್ಲಿ ಆಗಲೇ ಕಾರ್ಬೊರೇಟರ್ ಬಿಚ್ಚಿಕೊಂಡು ಕೂತಿದ್ದ.